ನೋಟ್ಸ್ ಆ್ಯಪ್ ಸಿಂಗರಿಸುವ ಮೊದಲು ಬರೆದು ನೋಡಿ

ಕೆಎಎಸ್‌ಗೆ ಓದುತ್ತಿರುವ ನಮ್ಮ ಅಕ್ಕನ ಮಗಳು ಮೂರು ವಾರ ಕೂತು ಒಂದು ನೋಟ್ಸ್ ಆ್ಯಪ್ ಅಣಿ ಮಾಡಿದಳು. ವಿಷಯಕ್ಕೊಂದು ಬಣ್ಣ, ಅಧ್ಯಾಯಕ್ಕೊಂದು ಕೋಷ್ಟಕ. ಸಂವಿಧಾನದ ಬಗ್ಗೆ ಬರೆದದ್ದು ಎರಡೇ ಪುಟ. ಹೀಗೆ ಹೊತ್ತು ಕಳೆದುಕೊಂಡವರನ್ನು ಸಾಕಷ್ಟು ಕಂಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ದಿನಸಿ ಪಟ್ಟಿ, ಫೋನ್ ನಂಬರು, ನೆನಪಿನ ಚೀಟಿ ಇಷ್ಟೇ ಆದರೆ ಗೂಗಲ್ ಕೀಪ್ ಅಥವಾ ಆ್ಯಪಲ್ ನೋಟ್ಸ್ ಹಾಕಿಕೊಳ್ಳಿ. ಮುಂದೆ ಓದಬೇಕಿಲ್ಲ.

2. ತಿಂಗಳುಗಟ್ಟಲೆ ಓದಿ ಬರೆಯುವವರು ಒಂದು ಸಿದ್ಧ ಆ್ಯಪ್, ಒಂದು ಬೇಕಾದಂತೆ ಕಟ್ಟಿಕೊಳ್ಳುವ ಆ್ಯಪ್ ಆರಿಸಿಕೊಳ್ಳಿ. ಒನ್‌ನೋಟ್ ಮೊದಲ ಜಾತಿಯದು. ನೋಶನ್, ಆಬ್ಸಿಡಿಯನ್ ಎರಡನೆಯದು. ನೋಶನ್‌ನಲ್ಲಿ ಬರೆದದ್ದು ಕಂಪನಿಯ ಸರ್ವರಿನಲ್ಲಿರುತ್ತದೆ. ಆಬ್ಸಿಡಿಯನ್‌ನದು ನಿಮ್ಮದೇ ಫೋಲ್ಡರಿನಲ್ಲಿ ಸಾದಾ ಪಠ್ಯದ ಕಡತಗಳಾಗಿ ಉಳಿಯುತ್ತದೆ. ನನ್ನ ಒಲವು ಇದರ ಕಡೆಗೇ. ಆದರೆ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಟಿಪ್ಪಣಿ ಸಿಗುವಂತೆ ಹೊಂದಿಸಿಕೊಡುವ ಅವರ ಸೇವೆಗೆ ದುಡ್ಡು ಕೊಡಬೇಕು.

3. ಎಲ್ಲರೂ ಎಡವುವುದು ಇಲ್ಲಿ. ಎರಡರಲ್ಲೂ ಹತ್ತು ಟಿಪ್ಪಣಿ ಬರೆಯಿರಿ. ನಿಮ್ಮ ನಿಜವಾದ ಓದಿನವೇ ಇರಲಿ. ಒಂದರಲ್ಲಿ ಫೋಟೊ, ಒಂದರಲ್ಲಿ ಕೋಷ್ಟಕ ಇರಲಿ.

ಮೊದಲು ಹುಡುಕಿ. ‘ತಿದ್ದುಪಡಿ’ ಎಂದು ಹುಡುಕಿದರೆ ‘ತಿದ್ದುಪಡಿಯಿಂದ’, ‘ತಿದ್ದುಪಡಿಗಳನ್ನು’ ಎಂದಿರುವ ಟಿಪ್ಪಣಿಗಳೂ ಸಿಗಬೇಕು. ನಮ್ಮ ಭಾಷೆಯಲ್ಲಿ ಪದದ ಬಾಲಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. ಇಡೀ ಪದ ಹೊಂದಿದರೆ ಮಾತ್ರ ತೋರಿಸುವ ಆ್ಯಪ್ ಕನ್ನಡದಲ್ಲಿ ಬರೆಯುವವರಿಗೆ ಬೇಡವೇ ಬೇಡ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದು ಇದ್ದರೆ ಮೊದಲು ಯೂನಿಕೋಡಿಗೆ (ಈಗಿನ ಎಲ್ಲ ಆ್ಯಪ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಬದಲಿಸಿಕೊಳ್ಳಿ, ಇಲ್ಲದಿದ್ದರೆ ಯಾವ ಆ್ಯಪಿಗೂ ಅದು ಕನ್ನಡವೆಂದು ಗೊತ್ತಾಗುವುದಿಲ್ಲ.

ಆಮೇಲೆ ಹತ್ತನ್ನೂ ಆ್ಯಪಿನಿಂದ ಹೊರಗೆ ತೆಗೆಯಿರಿ, ಅಂದರೆ ಎಕ್ಸ್‌ಪೋರ್ಟ್ ಮಾಡಿ. ಕೀಪ್‌ನವು ಗೂಗಲ್ ಟೇಕ್‌ಔಟ್ (ನಿಮ್ಮ ಗೂಗಲ್ ಖಾತೆಯ ಮಾಹಿತಿ ಇಳಿಸಿಕೊಳ್ಳುವ ಸೇವೆ) ಮೂಲಕ ಬರುತ್ತವೆ; ನೋಶನ್ ಮಾರ್ಕ್‌ಡೌನ್ (ಸಾದಾ ಪಠ್ಯ) ಮತ್ತು ಸಿಎಸ್‌ವಿ (ಕೋಷ್ಟಕ) ಕಡತಗಳನ್ನು ಕೊಡುತ್ತದೆ; ಆಬ್ಸಿಡಿಯನ್‌ನಲ್ಲಿ ಫೋಲ್ಡರ್ ನಕಲು ಮಾಡಿಕೊಂಡರೆ ಮುಗಿಯಿತು. ತೆಗೆದ ಕಡತವನ್ನು ಆ ಆ್ಯಪ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ಫೋಟೊ ಬಂತೇ? ಕೋಷ್ಟಕ ಉಳಿಯಿತೇ? ಪಿಡಿಎಫ್ ಆದರೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ, ಅದರಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ. ‘ರಾಷ್ಟ್ರ’ ಚೂರುಚೂರಾಗಿ ಬಿದ್ದರೆ ಆ ಪಿಡಿಎಫ್ ಓದುವುದಕ್ಕಷ್ಟೇ, ಮತ್ತೆ ತಿದ್ದಿ ಬಳಸಲು ಬರುವುದಿಲ್ಲ. ಬರೀ ಪಿಡಿಎಫ್ ಕೊಡುವ ಆ್ಯಪನ್ನು ಇಲ್ಲಿಯೇ ಕೈಬಿಡಿ.

ಉಚಿತ ಎಂದು ಈ ಪರೀಕ್ಷೆ ಬಿಡಬೇಡಿ, ನಿಯಮ ಮುಂದೆ ಬದಲಾಗಬಹುದು. ಎವರ್‌ನೋಟ್ ಎಂಬ ನೋಟ್ಸ್ ಆ್ಯಪ್ 2023ರ ಡಿಸೆಂಬರಿನಲ್ಲಿ ಉಚಿತ ಖಾತೆಗೆ 50 ಟಿಪ್ಪಣಿಗಳ ಮಿತಿ ಹಾಕಿತು.

4. ಏರೋಪ್ಲೇನ್ ಮೋಡ್ ಹಾಕಿ ಟಿಪ್ಪಣಿ ತೆರೆದು ನೋಡಿ. ಬಸ್ಸಿನಲ್ಲಿ ಓದುವವರಿಗೆ ಇದು ಮುಖ್ಯ.

5. ಎರಡೂ ಪಾಸಾದರೆ ಸಿದ್ಧ ಆ್ಯಪನ್ನೇ ಇಟ್ಟುಕೊಳ್ಳಿ. ಕಟ್ಟಿಕೊಳ್ಳುವ ಆ್ಯಪೇ ಬೇಕೆಂದರೆ ಮೊದಲ ತಿಂಗಳು ಒಂದೂ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕು) ಹಾಕಬೇಡಿ, ಟೆಂಪ್ಲೇಟಿಗೆ (ಸಿದ್ಧ ಮಾದರಿ ಪುಟ) ದುಡ್ಡು ಕೊಡಬೇಡಿ. ಒಂದೇ ತೊಂದರೆ ಮೂರು ಸಲ ಕಾಡಿದರೆ ಅದೊಂದನ್ನು ಸರಿಮಾಡುವಷ್ಟು ಬದಲಿಸಿ.

6. ತಿಂಗಳ ಮೊದಲ ಭಾನುವಾರ ಎಲ್ಲವನ್ನೂ ಹೊರಗೆ ತೆಗೆದು ಪೆನ್‌ಡ್ರೈವಿಗೆ ಹಾಕಿಡಿ.