ಫೋನ್ ನಂಬರ್ ಕೇಳದೆ ಪಾಯಿಂಟ್ ಕಾರ್ಡ್ ನಡೆಸಿದ ನನ್ನ ಅನುಭವ

ಕಳೆದ ವಾರ ಮಂಡಿಪೇಟೆಯ ಹೋಲ್‌ಸೇಲ್ ಗೆಳೆಯರೊಬ್ಬರು ಫೋನ್ ಮಾಡಿ, "ಆ ಕಾರ್ಡ್ ಎಲ್ಲಿ ಪ್ರಿಂಟ್ ಹಾಕಿಸ್ದೆ ಹೇಳಪ್ಪಾ" ಅಂದರು. ಎರಡು ವರ್ಷದ ಹಿಂದೆ ಇದೇ ಮನುಷ್ಯ ನಾಲ್ಕು ಜನರ ಎದುರಿಗೆ, "ಫೋನ್ ನಂಬರ್ ಇಲ್ದೇ ಇರೋ ಲಾಯಲ್ಟಿ ಕಾರ್ಡಾ? ಹೆಸರೇ ಇಲ್ದೇ ಇರೋ ಮದುವೆ ಕಾಗದ ಹಂಚ್ದಂಗಾಯ್ತು" ಅಂತ ನಕ್ಕಿದ್ದರು. ಪದೇ ಪದೇ ಬರುವ ಗಿರಾಕಿಗೆ ಕೊಂಡಷ್ಟಕ್ಕೆ ಪಾಯಿಂಟ್ ಕೂಡಿಸಿಕೊಡುವ ಕಾರ್ಡ್ ಅದು. ಅದಕ್ಕೇ ಇದನ್ನು ಬರೆಯಲು ಕೂತೆ. ಬಿಲ್ಲಿಂಗ್ ಸಾಫ್ಟ್‌ವೇರ್, ಸ್ಕ್ಯಾನರ್, ಪಾಯಿಂಟ್ ಲೆಕ್ಕ ಎಲ್ಲ ಅಂಗಡಿ ನಡೆಸುವ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಹೇಳುತ್ತೇನೆ.

ನಮ್ಮದು ತುಮಕೂರಿನ ಬಟವಾಡಿ ಕಡೆ ಎರಡು ಕೌಂಟರಿನ ಸಣ್ಣ ಸೂಪರ್ ಮಾರ್ಕೆಟ್. ಅಪ್ಪನ ಕಾಲದ ಪ್ರಾವಿಜನ್ ಸ್ಟೋರಿಗೇ ರ‍್ಯಾಕ್ ಹಾಕಿಸಿ, ಬುಟ್ಟಿ ಇಟ್ಟು, ಬೋರ್ಡ್ ಬದಲಾಯಿಸಿದ್ದು. ಎಲ್ಲರಂತೆ ನಾನೂ ಮೊದಲು ನಂಬರ್ ಬರೆದುಕೊಂಡೇ ಪಾಯಿಂಟ್ ಕೊಡುತ್ತಿದ್ದೆ. ಮೂರು ವರ್ಷದಲ್ಲಿ ಸುಮಾರು 2,300 ನಂಬರ್ ಸೇರಿತ್ತು. ಹಬ್ಬಕ್ಕೆ ಹಬ್ಬಕ್ಕೆ ಎಸ್ಸೆಮ್ಮೆಸ್ಸು, ಬಿಲ್ಲಿಗೊಂದು ಲಿಂಕು. ತಿಂಗಳಿಗೆ ಮೆಸೇಜಿಗೇ ಒಂದೂಮುಕ್ಕಾಲು ಸಾವಿರ ಹೋಗುತ್ತಿತ್ತು.

ಒಂದು ಸಂಜೆ ಕ್ಯೂ ಉದ್ದ ಇತ್ತು, ಫ್ಯಾನ್ ಸದ್ದು ಬೇರೆ. ಪಿಯುಸಿ ಓದುವ ಹುಡುಗಿಯೊಬ್ಬಳು ನಂಬರ್ ಹೇಳಿದಳು, ನಮ್ಮ ಹುಡುಗನಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಗಟ್ಟಿಯಾಗಿ ಹೇಳಿಸಿದ. ಹಿಂದೆ ನಿಂತಿದ್ದವನೊಬ್ಬ ಬರೆದುಕೊಂಡ. ರಾತ್ರಿಯೆಲ್ಲ ಮೆಸೇಜು. ಬೆಳಿಗ್ಗೆ ಅವರಪ್ಪ ಬಂದರು. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಅವರು ಮೆತ್ತಗೆ, "ನಾವು ಬೇಳೆ ತಗಳಕ್ಕೆ ಬರ್ತೀವಿ ಅಣ್ಣ, ಮಗಳ ನಂಬರ್ ಹಂಚಕ್ಕಲ್ಲ" ಅಂದು ಹೋದರು. ಆ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ಪ್ರಸಂಗ. ಟ್ಯೂಷನ್ ಹೇಳಿಕೊಡುವ ಸೊಸೆಯೊಬ್ಬರು ತಮ್ಮದೇ ದುಡ್ಡಲ್ಲಿ ತವರುಮನೆಗೆ ಅಂತ ಅರ್ಧ ಕೆಜಿ ಗೋಡಂಬಿ, ಒಂದು ಲೀಟರ್ ತುಪ್ಪ ತೆಗೆದುಕೊಂಡರು. ಮನೆಯ ಪಾಯಿಂಟೆಲ್ಲ ಅತ್ತೆ ನಂಬರಿನಲ್ಲಿತ್ತು. ಬಿಲ್ಲಿನ ಲಿಂಕ್ ನೆಟ್ಟಗೆ ಅತ್ತೆಯ ಫೋನಿಗೆ ಹೋಯಿತು. ಆಮೇಲೆ ಏನಾಯಿತೋ, ಆಕೆ ನಮ್ಮ ಅಂಗಡಿ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಸಕ್ಕರೆ ಕಾಯಿಲೆಯ ಮೇಷ್ಟ್ರೊಬ್ಬರ ಮೈಸೂರು ಪಾಕೂ ಹೀಗೇ ಮನೆಗೆ ಗೊತ್ತಾಗಿತ್ತು. ಅದಕ್ಕೆ ಮಾತ್ರ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಪ್ರೈವೆಸಿ ಅಂದರೆ ಎಲ್ಲೋ ದೊಡ್ಡ ಕಂಪನಿಯವರು ಡೇಟಾ ಕದಿಯುವ ವಿಚಾರ ಅಂದುಕೊಂಡಿದ್ದೆ. ನಮ್ಮ ಗಿರಾಕಿ ಹೆದರುವುದು ಅತ್ತೆಗೆ, ಎದುರು ಮನೆಗೆ, ಕ್ಯೂನಲ್ಲಿ ಬೆನ್ನಿಗೆ ನಿಂತವನಿಗೆ.

ಅಷ್ಟು ಹೊತ್ತಿಗೆ, 2023ರ ಮೇ ತಿಂಗಳಲ್ಲಿ, ಗಿರಾಕಿಯ ಮೊಬೈಲ್ ನಂಬರಿಗೆ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚನೆ ಕೊಟ್ಟಿತ್ತು. ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ದಂಡ 250 ಕೋಟಿವರೆಗೆ ಅಂತ ಓದಿ ನಮ್ಮ ಮನೆಯವಳು, "ನಮ್ಮ ಅಂಗಡಿ ಮಾರಿದ್ರೂ ಬಡ್ಡಿಗೆ ಸಾಲಲ್ಲ" ಅಂದಳು.

ಸರಿ, ನಂಬರ್ ಬೇಡ ಅಂತ ಮೊದಲು ಸೀಲ್ ಕಾರ್ಡ್ ಮಾಡಿಸಿದೆ. 500 ರೂಪಾಯಿಗೆ ಒಂದು ಸೀಲು, ಹತ್ತು ಸೀಲಿಗೆ 50 ರೂಪಾಯಿ ಸಾಮಾನು ಉಚಿತ. ಅದು ನಾಲ್ಕು ತಿಂಗಳು ನಡೆಯಿತು. ಯಾರೋ ಹುಡುಗರು ನಮ್ಮ ಸೀಲಿನಂಥದ್ದೇ ಇನ್ನೊಂದು ಮಾಡಿಸಿಕೊಂಡಿದ್ದರು, ನಮ್ಮದಕ್ಕಿಂತ ಅದೇ ಚೆನ್ನಾಗಿ ಒತ್ತುತ್ತಿತ್ತು. 14 ಸಾವಿರದ ಹತ್ತಿರ ಕೈಬಿಟ್ಟಿತು.

ಆಮೇಲೆ ಪಿವಿಸಿ ಕಾರ್ಡು, ಅಂದರೆ ಎಟಿಎಂ ಕಾರ್ಡಿನಂಥ ಪ್ಲಾಸ್ಟಿಕ್ಕಿನದು. ಹೆಸರಿಲ್ಲ, ನಂಬರಿಲ್ಲ; ಬರೀ ಬಾರ್‌ಕೋಡು, ಅದರ ಕೆಳಗೆ ಹತ್ತು ಅಂಕಿ. ಸ್ಕ್ಯಾನರ್ ಕೀಬೋರ್ಡ್ ಥರವೇ ಅಂಕಿ ಒತ್ತುವುದರಿಂದ ಮೊಬೈಲ್ ಕಾಲಮ್ಮಿಗೇ ಕಾರ್ಡ್ ಹೊಡೆದರೆ ಕೆಲಸ ಮುಗಿಯಿತು ಅಂತ ನನ್ನ ಲೆಕ್ಕ. ಸಾಫ್ಟ್‌ವೇರ್ ಹುಡುಗ, "ಮೊಬೈಲ್ ನಂಬರ್ ಇಲ್ದೆ ಲಾಯಲ್ಟಿ ಬರಲ್ಲ ಸಾರ್" ಅಂತ ಒಂದೇ ಹಟ. ಆ ಕಾಲಮ್ಮು 6ರಿಂದ 9ರೊಳಗೆ ಶುರುವಾಗುವ ಅಂಕಿ ಬಿಟ್ಟು ಬೇರೆ ಒಪ್ಪುತ್ತಿರಲಿಲ್ಲ. ನಾನು ಬುದ್ಧಿವಂತ ಅಲ್ಲವೇ, 9ರಿಂದ ಶುರುವಾಗುವ 400 ಕಾರ್ಡ್ ಹೊಡೆಸಿದೆ.

ಹತ್ತು ದಿನಕ್ಕೆ ಹಾವೇರಿ ಕಡೆಯಿಂದ ಒಬ್ಬರ ಫೋನ್. "ರೀ ಸರ, ನಾ ತುಮಕೂರಿಗೆ ಬಂದೇ ಇಲ್ರೀ, ನಿಮ್ಮ ತೊಗರಿಬ್ಯಾಳಿ ಬಿಲ್ ನನಗ್ಯಾಕ ಬರಾಕತ್ತೇತಿ?" ನಾನು ಕಲ್ಪಿಸಿಕೊಂಡ ಅಂಕಿ ಯಾರದೋ ನಿಜವಾದ ನಂಬರಾಗಿತ್ತು, ಮೆಸೇಜ್ ಆಫ್ ಮಾಡುವುದನ್ನು ಮರೆತಿದ್ದೆ. ಪ್ರೈವೆಸಿ ಕಾಪಾಡಲು ಹೋಗಿ ನಮ್ಮ ಗಿರಾಕಿಗಳ ಬಿಲ್ಲನ್ನು ಊರೂರಿಗೆ ಕಳಿಸಿದ್ದೆ. 400 ಕಾರ್ಡೂ ಗುಜರಿಗೆ. ಮೂರು ಸಾವಿರ.

ಕೊನೆಗೆ ಸಾಫ್ಟ್‌ವೇರಿನವರಿಗೆ 2,500 ಕೊಟ್ಟು ಆ ತಡೆ ತೆಗೆಸಿದೆ, ಮೆಸೇಜೂ ಬಂದ್ ಮಾಡಿಸಿದೆ. ಈಗ ನಮ್ಮ ಕಾರ್ಡೆಲ್ಲ 1ರಿಂದ ಶುರು. ಹತ್ತಂಕಿಯ ಯಾವ ಮೊಬೈಲೂ 1ರಿಂದ ಶುರುವಾಗದು. 1,500 ಕಾರ್ಡಿಗೆ ಹನ್ನೊಂದು ಸಾವಿರದ ಆಸುಪಾಸು ಬಿತ್ತು. ಒಂದು ಮಾತು: ಸಂಖ್ಯೆ ಸಾಲಾಗಿ ಹಾಕಿಸಬೇಡಿ. ಬಾರ್‌ಕೋಡ್ ಸವೆದಾಗ ಹುಡುಗರು ಕೈಯಲ್ಲಿ ಒತ್ತುತ್ತಾರೆ, ಒಂದಂಕಿ ತಪ್ಪಿದರೆ ಪಾಯಿಂಟು ಪಕ್ಕದ ಕಾರ್ಡಿಗೆ. ನಾನು ನಡುವೆ ಎಷ್ಟೆಷ್ಟು ಬಿಟ್ಟಿದ್ದೇನೆ ಅನ್ನುವುದು ನನ್ನಲ್ಲೇ ಇರಲಿ.

ನೂರು ರೂಪಾಯಿ ಸಾಮಾನಿಗೆ ಒಂದು ರೂಪಾಯಿಯ ಪಾಯಿಂಟು. ಎಣ್ಣೆ, ಸಕ್ಕರೆ, ಹಾಲಿಗಿಲ್ಲ; ಅದರಲ್ಲಿ ನಮಗೇ ಎರಡು ಮೂರು ಪರ್ಸೆಂಟ್ ಉಳಿದರೆ ಹೆಚ್ಚು. ಯುಗಾದಿಗೆ ಹಳೆಯ ಪಾಯಿಂಟ್ ರದ್ದು.

"ಕಾರ್ಡ್ ಕಳೆದ್ರೆ ಏನ್ಮಾಡ್ತೀಯ?" ಅಂತ ಎಲ್ಲರೂ ಕೇಳಿದ್ದು ಇದೇ. ಮೊದಲು ಗಿರಾಕಿಗೇ ಒಂದು ಗುಟ್ಟಿನ ಮಾತು ಆರಿಸಿಕೊಳ್ಳಿ ಅಂದೆ. ಮೊದಲ ನೂರರಲ್ಲಿ ಮೂವತ್ತು ಜನ "ಗಣೇಶ", ಉಳಿದವರಲ್ಲಿ ಅರ್ಧ "ಲಕ್ಷ್ಮಿ". ಅದನ್ನು ಬಿಟ್ಟು ಬೇರೊಂದು ಉಪಾಯ ಮಾಡಿದ್ದೇನೆ. ಕಾರ್ಡ್ ಕಳೆದುಕೊಂಡು ಬಂದ 60-70 ಜನರಲ್ಲಿ ಐದಾರು ಜನ ಬಿಟ್ಟು ಎಲ್ಲರಿಗೂ ಪಾಯಿಂಟ್ ವಾಪಸ್ ಸಿಕ್ಕಿದೆ. ಉಪಾಯ ಏನು ಅಂತ ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ತಮಾಷೆ ಪರೀಕ್ಷೆ ಮಾಡಿದೆ. ಇಷ್ಟಪಟ್ಟು ನಂಬರ್ ಕೊಟ್ಟವರಿಗೆ ಅರ್ಧ ಕೆಜಿ ಬೆಲ್ಲ ಅಂತ ಬೋರ್ಡ್ ಹಾಕಿದೆ. ವಾರದಲ್ಲಿ ಸುಮಾರು 120 ಜನ ಕೊಟ್ಟರು. ಕರೆ ಮಾಡಿ ನೋಡಿದರೆ ಮೂವತ್ತಕ್ಕೂ ಹೆಚ್ಚು ತಪ್ಪು ನಂಬರು, ಮೂರು ನಮ್ಮ ಅಂಗಡಿಯದ್ದೇ! ಬೋರ್ಡಿನ ಮೇಲಿದ್ದುದನ್ನು ನೋಡಿ ಬರೆದಿದ್ದರು. ಹಾಗಾದರೆ ನನ್ನ ಹಳೆಯ 2,300ರಲ್ಲಿ ನಿಜವಾದದ್ದು ಎಷ್ಟಿತ್ತೋ.

ಇನ್ನೊಂದು ಪರೀಕ್ಷೆ ನನಗೆ ಸ್ವಲ್ಪ ನಾಚಿಕೆ ತಂದಿತು. ಹೆಸರಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗದು ಅಂತ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಒಂದು ಭಾನುವಾರ 50 ಕಾರ್ಡುಗಳ ತಿಂಗಳ ಪಟ್ಟಿ ತೆಗೆದು ನಾನೂ ಮನೆಯವಳೂ ಕೂತೆವು. ಸೆರೆಲ್ಯಾಕ್, ರಾಗಿ ಹಿಟ್ಟು, ವಾರಕ್ಕೆರಡು ಸಲ ಬ್ರೆಡ್, ಸಂಜೆ ಆರೂವರೆಗೆ ಬಿಲ್ಲು: "ಇವರು ಬೆಂಗಳೂರಿಗೆ ಟ್ರೈನಲ್ಲಿ ಹೋಗೋ ಬ್ಯಾಂಕ್ ಮೇಡಂ ಅಲ್ವಾ?" ಅಂದಳು. ಮೂವತ್ತಕ್ಕೂ ಹೆಚ್ಚು ಜನರನ್ನು ಅವಳು ಬುಟ್ಟಿಯಿಂದಲೇ ಹಿಡಿದಳು. ನಂಬರ್ ತೆಗೆದರೆ ಸಾಲದು ಅಂತ ಆಗ ತಿಳಿಯಿತು.

ಜಿಎಸ್‌ಟಿಗೆ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಇಡಲೇಬೇಕು, ಬಿಲ್ ಅಳಿಸುವಂತಿಲ್ಲ. ಆದರೆ ಬಿಲ್ಲಿನ ಮೇಲೆ ಕಾರ್ಡ್ ಸಂಖ್ಯೆ ಇರಬೇಕು ಅಂತ ಎಲ್ಲಿದೆ? ಜಿಎಸ್‌ಟಿ ನೋಂದಣಿ ಇಲ್ಲದ ಗಿರಾಕಿಯ ಹೆಸರು ವಿಳಾಸ ಬೇಕಾಗುವುದು 50 ಸಾವಿರ ಮುಟ್ಟಿದ ಬಿಲ್ಲಿಗೆ. ನಮ್ಮಲ್ಲಿ ಅಂಥ ಬಿಲ್ಲು ಮದುವೆ ಸೀಸನ್ನಿನಲ್ಲಿ ಒಂದೋ ಎರಡೋ. ಹಾಗಾಗಿ ಮೂರು ತಿಂಗಳಾದ ಮೇಲೆ ಬಿಲ್ಲಿನಿಂದ ಕಾರ್ಡ್ ಸಂಖ್ಯೆ ಕಿತ್ತುಹಾಕಿಸುತ್ತೇನೆ. ಕಾರ್ಡಿನಲ್ಲಿ ಪಾಯಿಂಟ್ ಮೊತ್ತ ಮಾತ್ರ ಉಳಿಯುತ್ತದೆ. ಹಳೆಯ 2,300 ನಂಬರ್ ತೆಗೆಸುವುದೇ ದೊಡ್ಡ ತಲೆನೋವಾಯಿತು. "ಡಿಲೀಟ್ ಆಪ್ಷನ್ ಇಲ್ಲ ಸಾರ್, ಇನ್‌ಆಕ್ಟಿವ್ ಮಾಡ್ಬೋದು" ಅಂದ ಆ ಸಾಫ್ಟ್‌ವೇರ್ ಹುಡುಗ. ಒಂದು ತಿಂಗಳು ಜಗಳವಾಡಿ ಅಳಿಸಿಸಿದೆ.

ನಂಬರಿಲ್ಲದೆ ಡೇಟಾ ಏನು ಉಪಯೋಗ ಅಂತೀರಾ? ಅವರೆಕಾಯಿ ಸೀಸನ್ನಿನಲ್ಲಿ ಯಾವ ಮಸಾಲೆ ಜೊತೆಗೆ ಹೋಗುತ್ತದೆ, ಸಿದ್ಧಗಂಗೆ ಜಾತ್ರೆ ವಾರ ಏನು ಖಾಲಿಯಾಗುತ್ತದೆ, ಅಷ್ಟು ನನಗೆ ಸಾಕು. ಅದಕ್ಕೆ ಹೆಸರು ಬೇಡ.

ಕಳ್ಳನೂ ಅದರಿಂದಲೇ ಸಿಕ್ಕಿದ. ಒಂದು ಕಾರ್ಡು ದಿನಕ್ಕೆ ಹದಿನೆಂಟು ಇಪ್ಪತ್ತು ಸಲ ಬರುತ್ತಿತ್ತು. ನೋಡಿದರೆ ಕೌಂಟರಿನ ಹುಡುಗ ಕಾರ್ಡ್ ಇಲ್ಲದವರ ಬಿಲ್ಲಿಗೆಲ್ಲ ತನ್ನ ಕಾರ್ಡ್ ಹೊಡೆದುಕೊಳ್ಳುತ್ತಿದ್ದ. ಎರಡು ತಿಂಗಳಲ್ಲಿ ನಾಲ್ಕು ಸಾವಿರದಷ್ಟು ಪಾಯಿಂಟ್ ಮಾಡಿದ್ದ. ಕೆಲಸದಿಂದ ತೆಗೆಯಲಿಲ್ಲ, ಹುಡುಗ ಚುರುಕು. ಈಗ ಒಂದು ಕಾರ್ಡಿಗೆ ದಿನಕ್ಕೆ ಒಂದೇ ಬಿಲ್ಲಿನ ಪಾಯಿಂಟ್.

ಸದ್ಯ 900ರಷ್ಟು ಕಾರ್ಡ್ ತಿಂಗಳಿಗೊಮ್ಮೆಯಾದರೂ ಓಡುತ್ತವೆ. ಸರಾಸರಿ ಬಿಲ್ಲು 380ರಿಂದ 460ರ ಹತ್ತಿರ ಬಂದಿದೆ, ಅದರಲ್ಲಿ ಸ್ವಲ್ಪ ಬೆಲೆಯೇರಿಕೆಯದ್ದೂ ಇರಬಹುದು. ತಿಂಗಳಿಗೆ ಐದಾರು ಸಾವಿರ ಪಾಯಿಂಟಿಗೆ ಹೋಗುತ್ತದೆ, ಮೆಸೇಜಿನ ದುಡ್ಡು ಉಳಿಯುತ್ತದೆ. ಆ ಪಿಯುಸಿ ಹುಡುಗಿಯ ಅಪ್ಪ ಈಗ ಕಾರ್ಡ್ ಹಿಡಿದು ತಾವೇ ಬರುತ್ತಾರೆ.

ಮಂಡಿಪೇಟೆ ಗೆಳೆಯರಿಗೆ ಪ್ರೆಸ್ಸಿನ ವಿಳಾಸ ಕೊಟ್ಟೆ. "ಕಾರ್ಡ್ ಕಳಕೊಂಡೋರಿಗೆ ಏನ್ ಕೇಳ್ತೀಯ, ಅದೊಂದ್ ಹೇಳ್ಬಿಡು" ಅಂದರು. ಎರಡು ಮೂಟೆ ತೊಗರಿಬೇಳೆ ಹಳೇ ರೇಟಿಗೆ ಹಾಕಿಸಿ, ಆಮೇಲೆ ನೋಡೋಣ ಅಂದಿದ್ದೇನೆ.