ಹಿತ್ತಲಿಗೊಂದು ಅಗಸೆ ಮರ

ಅಂಗಡಿಗೆ ಹೋಗಿ ಸುಮ್ನೆ ‘ಅಗಸೆ ಬೀಜ ಕೊಡಿ’ ಅಂದರೆ ಚಟ್ನಿಪುಡಿಗೆ ಹಾಕುವ ಕಂದು ಬೀಜ ಕಟ್ಟಿಕೊಡುತ್ತಾರೆ. ಅದು ಬೇರೆ ಗಿಡ. ನಮಗೆ ಬೇಕಾದದ್ದು ಅಗಸೆ ಸೊಪ್ಪಿನ ಮರ, ಕೆಲವರು ಚೊಗಚೆ ಅನ್ನುತ್ತಾರಲ್ಲ, ಅದು. ಮೈಸೂರು ಕಡೆ ಎಲೆತೋಟಗಳಲ್ಲಿ ವೀಳ್ಯದೆಲೆ ಬಳ್ಳಿ ಹಬ್ಬಿಸೋಕೆ ಇದನ್ನೇ ನೆಡುತ್ತಾರೆ, ಹಾಗಾಗಿ ತೋಟದವರ ಪರಿಚಯ ಇದ್ದರೆ ಒಣಗಿದ ಕಾಯಿ ಎರಡು ಕೇಳಿ ತನ್ನಿ. ಕಾಯಿ ಒಂದಡಿ ಉದ್ದ ಇರುತ್ತೆ, ಬೀಜಕ್ಕೆ ಬರವಿಲ್ಲ.

ಬೀಜ ರಾತ್ರಿಯಿಡೀ ನೆನೆಸಿ. ಮುಂಗಾರು ಹಿಡಿದ ಮೇಲೆ ಮರ ಬೇಕಾದ ಜಾಗದಲ್ಲೇ ಎರಡು ಮೂರು ಊರಿ, ಗಟ್ಟಿಯಾಗಿ ಬಂದ ಒಂದನ್ನು ಉಳಿಸಿಕೊಳ್ಳಿ. ಯೂರಿಯಾ ಹಾಕಲೇಬೇಡಿ. ಇದು ಅವರೆ, ಹುರುಳಿಯ ಬಳಗದ್ದು, ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲೇ ಮಾಡಿಕೊಳ್ಳುತ್ತೆ. ಮಂಡ್ಯದ ನಾಲೆ ಬಯಲಲ್ಲಿ ನೀರು ನಿಂತು ನುಗ್ಗೆ ಕೊಳೆತುಹೋಗುವ ಕಡೆಯೂ ಅಗಸೆ ತಡೆದುಕೊಳ್ಳುತ್ತೆ. ತಡೆಯದ್ದು ಎರಡು: ಜೋರು ಗಾಳಿ, ಪಕ್ಕದ ಮನೆ ಮೇಕೆ. ಮರ ಮೆದು, ರೆಂಬೆ ಸುಲಭಕ್ಕೆ ಮುರಿಯುತ್ತೆ, ಅದಕ್ಕೇ ಹೆಂಚು, ಕರೆಂಟ್ ತಂತಿಯಿಂದ ದೂರ ಇರಲಿ. ಮೇಕೆಗೆ ಮುಳ್ಳುಬೇಲಿಯೇ ಮದ್ದು.

ಬೆಳೆಯೋ ಸ್ಪೀಡ್ ನೋಡಿದರೆ ಆಶ್ಚರ್ಯ ಆಗುತ್ತೆ, ವರ್ಷದೊಳಗೆ ನಿಮ್ಮ ತಲೆ ದಾಟಿ ಮೇಲೆ ಹೋಗಿರುತ್ತೆ. ಇಲ್ಲೇ ನಾನು ಎಡವಿದ್ದು. ಕೈಗೆ ಎಟುಕಲಿ ಅಂತ ಎದೆಮಟ್ಟಕ್ಕೆ ಕಡಿದು, ಒಂದೆಲೆ ಬಿಡದೆ ಬೋಳಿಸಿಬಿಟ್ಟೆ. ನುಗ್ಗೆ ಚಿಗುರುತ್ತಲ್ಲ, ಇದೂ ಚಿಗುರುತ್ತೆ ಅಂದುಕೊಂಡಿದ್ದೆ. ಚಿಗುರಲಿಲ್ಲ, ಕಡ್ಡಿಯಾಗಿ ಒಣಗಿತು. ತುದಿ ಮುಟ್ಟಬೇಡಿ, ಪಕ್ಕದ ರೆಂಬೆಗಳನ್ನಷ್ಟೇ ಸರದಿಯಲ್ಲಿ ಕೊಯ್ಯಿರಿ, ಮರದ ಮೇಲೆ ಯಾವಾಗಲೂ ಅರ್ಧಕ್ಕಿಂತ ಜಾಸ್ತಿ ಸೊಪ್ಪು ಉಳಿದಿರಲಿ. ಎತ್ತರದ ಹೂವಿಗೆ ದೋಟಿ ಇದೆಯಲ್ವಾ.

ಹೂವು ಬಿಳಿ, ಕೆಂಪು ಎರಡೂ ಉಂಟು. ಪಲ್ಯಕ್ಕೆ ನನಗೆ ಬಿಳಿಯದೇ ಇಷ್ಟ. ಪೂರ್ತಿ ಅರಳುವ ಮುಂಚೆ, ಗಿಣಿಕೊಕ್ಕಿನ ಹಾಗೆ ಬಾಗಿರುವಾಗ ಕಿತ್ತರೆ ರುಚಿ. ಒಂದೊಂದನ್ನೂ ಬಿಡಿಸಿ ನೋಡಿ, ಎಸಳುಗಳ ನಡುವೆ ಬಿಲ್ಲಿನಂತೆ ಬಗ್ಗಿದ ಕೇಸರದ ಕಂತೆ ಇರುತ್ತೆ. ಉಗುರಲ್ಲಿ ಹಿಡಿದು ಬುಡದಿಂದ ಎಳೆದುಬಿಡಿ. ಕಹಿಯೆಲ್ಲ ಅದರಲ್ಲೇ. ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆಗೆ ಹೂವು ಹಾಕಿ ನಾಲ್ಕು ನಿಮಿಷ ಬಾಡಿಸಿ, ಮೇಲೆ ತೆಂಗಿನತುರಿ.

ಸೊಪ್ಪು ಹೂವಿಗಿಂತ ಕಹಿ. ದ್ವಾದಶಿ ಪಾರಣೆಗೆ ಅಂತ ಮೈಸೂರಲ್ಲಿ ಹುಡುಕಿಕೊಂಡು ಹೋಗಿ ತರುವವರಿದ್ದಾರೆ. ಎಳೆಯದನ್ನು ತೊಗರಿಬೇಳೆ ಜೊತೆ ಬೇಯಿಸಿ ಚೂರು ಬೆಲ್ಲ ಹಾಕಿದರೆ ಮಕ್ಕಳೂ ತಿನ್ನುತ್ತಾರೆ. ಉಳಿದದ್ದು ಹಸುವಿಗೆ ಹಾಕಿ, ಕೋಳಿಗೆ ಮಾತ್ರ ಬೇಡ, ಅವಕ್ಕೆ ಅದು ವಿಷ.