ಕ್ಯಾಂಪಸ್ ವೈಫೈಗೆ ಲಾಗಿನ್: ಪಾಸ್‌ವರ್ಡ್ ಕೊಡುವ ಮುನ್ನ ಕೇಳುತ್ತಿರುವವರು ಯಾರು ಅಂತ ನೋಡಿ

ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಒಂದು ಚೀಟಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಗೆರೆ ಹಾಳೆ, ನೀಲಿ ಸ್ಕೆಚ್ ಪೆನ್ನು. ‘ವೈಫೈ ಕನೆಕ್ಟ್ ಆಗ್ತಿಲ್ವಾ? ಸಿಎ ಸರ್ಟಿಫಿಕೇಟ್ ಅನ್ನೋ ಕಡೆ ಡೋಂಟ್ ವ್ಯಾಲಿಡೇಟ್ ಕೊಡಿ. ಆಗುತ್ತೆ.’ ಹೌದು, ಆಗುತ್ತಿತ್ತು. ಅರ್ಧ ನಿಮಿಷದಲ್ಲಿ ನೆಟ್ ಬರುತ್ತಿತ್ತು. ಆ ವರ್ಷ ಹೊಸದಾಗಿ ಸೇರಿದ ಎಷ್ಟೋ ಹುಡುಗರ ಫೋನನ್ನು ನಾನೇ ಕೈಯಾರೆ ಹಾಗೆ ಸೆಟ್ ಮಾಡಿಕೊಟ್ಟಿದ್ದೇನೆ.

ಮುಂದೊಮ್ಮೆ ಒಬ್ಬ ಜೂನಿಯರ್ ಹೊಸ ಪಿಕ್ಸೆಲ್ ಫೋನ್ ಹಿಡಿದುಕೊಂಡು ಬಂದ. ‘ಅಣ್ಣಾ, ನೀವು ಹೇಳಿದ ಆಪ್ಶನ್ನೇ ಇದರಲ್ಲಿ ಇಲ್ವಲ್ಲ?’ ಅಂದ. ನೋಡಿದರೆ ನಿಜವಾಗಿಯೂ ಇರಲಿಲ್ಲ. ಯಾಕೆ ಅಂತ ಹುಡುಕಿದಾಗ ಗೊತ್ತಾಯಿತು: 2020ರ ಡಿಸೆಂಬರ್‌ನಲ್ಲಿ ಬಂದ ಆಂಡ್ರಾಯ್ಡ್ 11ರ ಅಪ್‌ಡೇಟ್‌ನಲ್ಲಿ ಗೂಗಲ್ ಆ ಆಯ್ಕೆಯನ್ನೇ ಕಿತ್ತುಹಾಕಿತ್ತು. ಅದು ಅಷ್ಟು ಅಪಾಯಕಾರಿ ಅನ್ನುವುದೇ ಕಾರಣ. ಆ ದಿನದವರೆಗೆ ನಾನು ಹುಡುಗರಿಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಈ ಲೇಖನ ಆ ಚೀಟಿಗೆ ನಾನು ಮಾಡುತ್ತಿರುವ ತಿದ್ದುಪಡಿ.

ಆ ಒಂದು ಸಾಲಿನಲ್ಲಿ ಏನು ತಪ್ಪಿತ್ತು?

ಮನೆಯ ವೈಫೈಗೆ ಒಂದೇ ಪಾಸ್‌ವರ್ಡ್. ಮನೆಮಂದಿಯೆಲ್ಲ ಅದನ್ನೇ ಹಾಕುತ್ತಾರೆ. ಕಾಲೇಜಿನಲ್ಲಿ ಹಾಗಲ್ಲ. ಒಬ್ಬೊಬ್ಬರಿಗೂ ಅವರದೇ ಐಡಿ, ಅವರದೇ ಪಾಸ್‌ವರ್ಡ್. ಬಹಳಷ್ಟು ಕಡೆ ಅದೇ ಐಡಿಯಲ್ಲಿ ಮೇಲ್, ಲೈಬ್ರರಿ, ಫೀಸು, ಇಂಟರ್ನಲ್ಸ್ ಅಂಕ ಎಲ್ಲವೂ ತೆರೆದುಕೊಳ್ಳುತ್ತವೆ. ಅಂದರೆ ವೈಫೈ ಪಾಸ್‌ವರ್ಡ್ ಕಳೆದುಕೊಂಡವರು ಬರೀ ವೈಫೈ ಕಳೆದುಕೊಳ್ಳುವುದಿಲ್ಲ.

ನೀವು ಕನೆಕ್ಟ್ ಒತ್ತಿದಾಗ ನಡೆಯುವುದು ಇಷ್ಟು. ಕಾರಿಡಾರಿನ ಸೂರಿಗೆ ಅಂಟಿಕೊಂಡಿರುವ ಬಿಳಿ ಡಬ್ಬಿಗೆ, ಅಂದರೆ ಆಕ್ಸೆಸ್ ಪಾಯಿಂಟ್‌ಗೆ, ನಿಮ್ಮ ಪಾಸ್‌ವರ್ಡ್ ಸರಿಯೋ ತಪ್ಪೋ ಅನ್ನುವುದು ಗೊತ್ತಿಲ್ಲ. ಅದು ಮಾತನ್ನು ಅತ್ತಿಂದಿತ್ತ ದಾಟಿಸುತ್ತದೆ ಅಷ್ಟೇ. ಪರೀಕ್ಷೆ ಮಾಡುವುದು ಕಂಪ್ಯೂಟರ್ ಸೆಂಟರಿನಲ್ಲಿ ಕೂತ ರೇಡಿಯಸ್ ಸರ್ವರ್. ಆದರೆ ಅದಕ್ಕೂ ಮೊದಲು ಸರ್ವರ್ ತನ್ನ ಗುರುತಿನ ಚೀಟಿಯನ್ನು ಫೋನಿಗೆ ತೋರಿಸಬೇಕು. ಅದೇ ಸರ್ಟಿಫಿಕೇಟ್. ಫೋನು ಅದನ್ನು ಓದಿ, ‘ಹೌದು, ಇದು ನಮ್ಮ ಕಾಲೇಜಿನದೇ’ ಅಂತ ಒಪ್ಪಿಕೊಂಡ ಮೇಲೆ ಇಬ್ಬರ ನಡುವೆ ಒಂದು ಮುಚ್ಚಿದ ಕೊಳವೆ ತಯಾರಾಗುತ್ತದೆ. ಪಾಸ್‌ವರ್ಡಿನ ಮಾತು ಶುರುವಾಗುವುದು ಆ ಕೊಳವೆಯೊಳಗೆ.

‘ಡೋಂಟ್ ವ್ಯಾಲಿಡೇಟ್’ ಅಂದರೆ ಗುರುತಿನ ಚೀಟಿ ನೋಡಲೇಬೇಡ ಅಂತ ಫೋನಿಗೆ ಹೇಳಿದ ಹಾಗೆ.

ಈಗ ಕ್ಯಾಂಟೀನಿನ ಮೂಲೆಯಲ್ಲಿ ಯಾರೋ ಒಬ್ಬ ಲ್ಯಾಪ್‌ಟಾಪ್ ತೆರೆದು ಕೂತಿದ್ದಾನೆ ಅಂದುಕೊಳ್ಳಿ. ವೈಫೈಗೆ ಯಾವ ಹೆಸರು ಬೇಕಾದರೂ ಇಡಬಹುದು. ಅದನ್ನು ತಡೆಯುವವರು ಯಾರೂ ಇಲ್ಲ. ಅವನು ನಿಮ್ಮ ಕಾಲೇಜಿನ ವೈಫೈ ಹೆಸರನ್ನೇ ಇಡುತ್ತಾನೆ. ನಿಮ್ಮ ಫೋನು ಜೇಬಿನಲ್ಲೇ ಇದೆ, ನೀವು ಕಾಫಿ ಕುಡಿಯುತ್ತಿದ್ದೀರಿ. ಪರಿಚಯದ ಹೆಸರು, ಜೋರಾದ ಸಿಗ್ನಲ್ಲು ಕಂಡ ಕೂಡಲೇ ಫೋನು ತಾನಾಗಿ ಮಾತಿಗೆ ಇಳಿಯುತ್ತದೆ. ಕೆಲವು ವಿಧಾನಗಳಲ್ಲಿ ಪಾಸ್‌ವರ್ಡ್ ಹಾಗೆಹಾಗೇ ಅವನ ಕೈಗೆ ಬೀಳುತ್ತದೆ. ಹೆಚ್ಚು ಬಳಕೆಯಲ್ಲಿರುವ ಎಂಎಸ್‌ಚಾಪ್ ವಿ2 ವಿಧಾನದಲ್ಲಿ ಅವನಿಗೆ ಸಿಗುವುದು ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಉತ್ತರ. ಅದಾದರೆ ಪರವಾಗಿಲ್ಲ ಅಂದುಕೊಳ್ಳಬೇಡಿ. 2012ರಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಇದನ್ನು ಒಡೆದು ತೋರಿಸಿದರು. ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ಒಡೆಯುವವನ ಕೆಲಸ ಕೊನೆಗೆ ಡಿಇಎಸ್ ಅನ್ನುವ ಹಳೆಯ ಗೂಢಲಿಪಿಯ ಒಂದು 56 ಬಿಟ್‌ನ ಕೀಲಿ ಹುಡುಕುವುದಕ್ಕೆ ಇಳಿಯುತ್ತದೆ. ಅದಕ್ಕೆಂದೇ ಮಾಡಿದ ಯಂತ್ರದಲ್ಲಿ ಒಂದು ದಿನದೊಳಗಿನ ಕೆಲಸ. ಹೆಸರಿನ ಜೊತೆ ಹುಟ್ಟಿದ ವರ್ಷ ಸೇರಿಸಿ ಪಾಸ್‌ವರ್ಡ್ ಮಾಡಿಕೊಂಡವರದ್ದು ಅಷ್ಟು ಹೊತ್ತೂ ತಾಳುವುದಿಲ್ಲ.

ಮೊದಲು ಕಂಪ್ಯೂಟರ್ ಸೆಂಟರಿಗೆ ಹೋಗಿ

ಫೋನು ಮುಟ್ಟುವ ಮೊದಲು ಕಾಲೇಜಿನ ಕಂಪ್ಯೂಟರ್ ಸೆಂಟರಿನಿಂದ ನಾಲ್ಕು ವಿಷಯ ಬರೆಸಿಕೊಂಡು ಬನ್ನಿ: ವೈಫೈಯ ಸರಿಯಾದ ಹೆಸರು, ಯೂಸರ್ ಐಡಿ ಬರೆಯುವ ರೀತಿ, ಇಎಪಿ ವಿಧಾನ (ಫೋನು, ಸರ್ವರ್ ಲಾಗಿನ್ ಮಾತಾಡುವ ಬಗೆ) ಯಾವುದು, ಸರ್ವರಿನ ಡೊಮೈನ್ ಹೆಸರು (ಅಂತರ್ಜಾಲದಲ್ಲಿ ಅದರ ವಿಳಾಸದಂಥ ಹೆಸರು) ಏನು. ಕೊನೆಯದನ್ನು ಯಾರೂ ಕೇಳುವುದಿಲ್ಲ; ನೀವು ಕೇಳಿ. ಸರ್ಟಿಫಿಕೇಟ್ ಕಾಲೇಜೇ ಮಾಡಿಕೊಂಡದ್ದಾದರೆ ಅದರ ಫೈಲು ಮತ್ತು ಫಿಂಗರ್‌ಪ್ರಿಂಟ್ ಅನ್ನುವ ಉದ್ದನೆಯ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಸೀನಿಯರ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸ್ಕ್ರೀನ್‌ಶಾಟ್ ಇದಕ್ಕೆ ಬದಲಿ ಆಗುವುದಿಲ್ಲ.

ನಿಮ್ಮ ಸಂಸ್ಥೆ ಎಜುರೋಮ್‌ನಲ್ಲಿ ಇದ್ದರೆ ಕೆಲಸ ಅರ್ಧ ಮುಗಿದಂತೆ. ಒಂದು ವಿಶ್ವವಿದ್ಯಾಲಯದ ಐಡಿಯಿಂದ ಬೇರೆ ವಿಶ್ವವಿದ್ಯಾಲಯದ ವೈಫೈ ಬಳಸುವ ಈ ವ್ಯವಸ್ಥೆ ಯುರೋಪಿನಲ್ಲಿ 2000ದ ದಶಕದ ಆರಂಭದಲ್ಲಿ ಶುರುವಾಗಿ, ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಇದನ್ನು ನಡೆಸುವುದು ಶಿಕ್ಷಣ, ಸಂಶೋಧನಾ ಸಂಸ್ಥೆಗಳ ನೆಟ್‌ವರ್ಕ್ ನೋಡಿಕೊಳ್ಳುವ ಅರ್ನೆಟ್ ಇಂಡಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದು ಇದೆ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ‘ಗೆಟ್‌ಎಜುರೋಮ್’ ಆ್ಯಪ್ ಹಾಕಿಕೊಳ್ಳಿ. ಪಟ್ಟಿಯಲ್ಲಿ ನಿಮ್ಮ ಸಂಸ್ಥೆಯ ಹೆಸರು ಹುಡುಕಿ, ಐಡಿ, ಪಾಸ್‌ವರ್ಡ್ ಹಾಕಿ. ಸರ್ಟಿಫಿಕೇಟು, ಸರ್ವರಿನ ಹೆಸರು ಎಲ್ಲವನ್ನೂ ಆ್ಯಪ್ ತಾನೇ ಸರಿಯಾಗಿ ತುಂಬುತ್ತದೆ. ಈ ಮೊದಲು ಕೈಯಾರೆ ಮಾಡಿದ ಸೆಟ್ಟಿಂಗ್ ಇದ್ದರೆ ಮೊದಲು ‘ಫರ್ಗೆಟ್’ ಒತ್ತಿ ಅಳಿಸಿ. ಇಲ್ಲದಿದ್ದರೆ ಹಳೆಯದು ಹೊಸದಕ್ಕೆ ಅಡ್ಡ ಬರುತ್ತದೆ.

ಕೈಯಾರೆ ತುಂಬಬೇಕಾದರೆ

ಆಂಡ್ರಾಯ್ಡ್‌ನಲ್ಲಿ ವೈಫೈ ಹೆಸರು ಒತ್ತಿದರೆ ಒಂದು ಉದ್ದನೆಯ ಅರ್ಜಿ ತೆರೆದುಕೊಳ್ಳುತ್ತದೆ. ಹೆದರಬೇಡಿ, ಒಂದೊಂದಾಗಿ ನೋಡೋಣ.

ಇಎಪಿ ಮೆಥಡ್: ಕಾಲೇಜು ಹೇಳಿದ್ದು, ಸಾಮಾನ್ಯವಾಗಿ ಪೀಪ್ ಅಥವಾ ಟಿಟಿಎಲ್‌ಎಸ್. ಫೇಸ್ 2, ಅಂದರೆ ಕೊಳವೆಯೊಳಗೆ ಪಾಸ್‌ವರ್ಡ್ ಪರೀಕ್ಷಿಸುವ ವಿಧಾನ: ಅದೂ ಕಾಲೇಜು ಹೇಳಿದ್ದೇ.

ಸಿಎ ಸರ್ಟಿಫಿಕೇಟ್: ಇಡೀ ಅರ್ಜಿಯಲ್ಲಿ ಮುಖ್ಯವಾದ ಜಾಗ ಇದು. ಕಾಲೇಜು ಸರ್ಟಿಫಿಕೇಟ್ ಫೈಲು ಕೊಟ್ಟಿದ್ದರೆ ಅದನ್ನು ಮೊದಲೇ ಇನ್‌ಸ್ಟಾಲ್ ಮಾಡಿ ಇಲ್ಲಿ ಆರಿಸಿ. ಎಲ್ಲರಿಗೂ ಸರ್ಟಿಫಿಕೇಟ್ ಕೊಡುವ ಸಾರ್ವಜನಿಕ ಸಂಸ್ಥೆಯಿಂದ (ಇಂಥ ಸಂಸ್ಥೆಗೇ ಸಿಎ ಅನ್ನುವುದು) ಪಡೆದ ಸರ್ಟಿಫಿಕೇಟ್ ಆದರೆ ‘ಯೂಸ್ ಸಿಸ್ಟಮ್ ಸರ್ಟಿಫಿಕೇಟ್ಸ್’ ಆರಿಸಿ. ಆಂಡ್ರಾಯ್ಡ್ 13ರ ನಂತರದ ಕೆಲವು ಫೋನುಗಳಲ್ಲಿ ‘ಟ್ರಸ್ಟ್ ಆನ್ ಫಸ್ಟ್ ಯೂಸ್’ ಅಂತ ಇರುತ್ತದೆ: ಮೊದಲ ಸಲ ಕಂಡ ಸರ್ವರನ್ನು ನೆನಪಿಟ್ಟುಕೊಂಡು ಮುಂದೆ ಅದನ್ನೇ ನಂಬುವ ಪದ್ಧತಿ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಮೊದಲ ಭೇಟಿಯೇ ನಕಲಿಯ ಜೊತೆ ಆಗಬಾರದಲ್ಲ. ಅದಕ್ಕೆ ಆ ಮೊದಲ ಸಲವನ್ನು ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲೇ ನಿಂತು ಮುಗಿಸಿ, ತೋರಿಸಿದ ವಿವರಗಳನ್ನು ಅಲ್ಲಿನವರ ಹಾಳೆಯ ಜೊತೆ ಹೋಲಿಸಿ ನೋಡಿ.

ಡೊಮೈನ್: ಬರೆಸಿಕೊಂಡು ಬಂದ ಸರ್ವರಿನ ಹೆಸರು ಇಲ್ಲಿ. ಇದನ್ನು ಖಾಲಿ ಬಿಡಬೇಡಿ. ಒಂದು ಜಾಲತಾಣದ ಹೆಸರು ತನ್ನದು ಅಂತ ತೋರಿಸಿದ ಯಾರಿಗೆ ಬೇಕಾದರೂ ಈ ಸಾರ್ವಜನಿಕ ಸಂಸ್ಥೆಗಳು ಆ ಹೆಸರಿಗೆ ಸರ್ಟಿಫಿಕೇಟ್ ಕೊಡುತ್ತವೆ, ಕ್ಯಾಂಟೀನಿನ ಮೂಲೆಯವನಿಗೂ. ಅದು ನಿಮ್ಮ ಕಾಲೇಜಿನದೇ ಅಂತ ಗಟ್ಟಿ ಮಾಡುವುದು ಈ ಹೆಸರು. ನಮ್ಮಲ್ಲಿ ‘ಎಸಿ ಡಾಟ್ ಇನ್’ ಎಂದು ಮುಗಿಯುವ ಹೆಸರುಗಳನ್ನು ಅರ್ನೆಟ್ ಮಾತ್ರ, ಅದೂ ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತದೆ. ಹಾಗಾಗಿ ಆ ಬಾಲ ಕಂಡರೆ ಸ್ವಲ್ಪ ಧೈರ್ಯ; ಪೂರ್ತಿ ಹೆಸರು ಕೂಡಿ ಬಂದರೆ ಪೂರ್ತಿ ಧೈರ್ಯ.

ಐಡೆಂಟಿಟಿ: ನಿಮ್ಮ ಪೂರ್ತಿ ಐಡಿ. ಎಜುರೋಮ್ ಆದರೆ ‘ಅಟ್’ ಚಿಹ್ನೆ, ಅದರಾಚೆಗಿನ ಸಂಸ್ಥೆಯ ಹೆಸರು ಇರಲೇಬೇಕು. ನಿಮ್ಮ ಕೋರಿಕೆಯನ್ನು ಯಾವ ಊರಿನ ಸರ್ವರಿಗೆ ಕಳಿಸಬೇಕು ಅಂತ ಗೊತ್ತಾಗುವುದು ಅದರಿಂದಲೇ. ಅನಾನಿಮಸ್ ಐಡೆಂಟಿಟಿ: ಕೊಳವೆ ತಯಾರಾಗುವ ಮೊದಲು ಹೊರಗೆ ಕಾಣುವ ಹೆಸರು. ಕಾಲೇಜು ಒಂದನ್ನು ಹೇಳಿದ್ದರೆ ಅದನ್ನು ಹಾಕಿ. ನಿಮ್ಮ ನಿಜವಾದ ಐಡಿ ದಾರಿಯಲ್ಲಿರುವವರಿಗೆ ಕಾಣುವುದಿಲ್ಲ.

ಐಫೋನಿನಲ್ಲಿ ಕೈಯಾರೆ ಹಾಕಿದರೆ ಮೊದಲ ಸಲ ಸರ್ಟಿಫಿಕೇಟ್ ತೋರಿಸಿ ‘ಟ್ರಸ್ಟ್’ ಒತ್ತುತ್ತೀರಾ ಅನ್ನುತ್ತದೆ. ವಿಂಡೋಸ್‌ನಲ್ಲಿ ‘ಕಂಟಿನ್ಯೂ ಕನೆಕ್ಟಿಂಗ್?’ ಅಂತ ಕೇಳುತ್ತದೆ. ಇದೇ ಹೆಸರಿನ ಬೇರೆ ನೆಟ್‌ವರ್ಕ್ ಇರಬಹುದು ಅಂತಲೂ ಎಚ್ಚರಿಸುತ್ತದೆ. ಎರಡರಲ್ಲೂ ವಿವರ ತೆರೆದು ನೋಡಿ, ಕೈಯಲ್ಲಿರುವ ಹಾಳೆಗೆ ಹೋಲಿಸಿ, ಆಮೇಲೆ ಒತ್ತಿ. ಒಮ್ಮೆ ಸರಿಯಾಗಿ ಹಾಕಿದ ಫೋನು ಎಷ್ಟೋ ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಮತ್ತೆ ಇದೇ ಪ್ರಶ್ನೆ ಕೇಳಿದರೆ, ಉತ್ತರ ‘ಬೇಡ’. ಕಾಲೇಜು ಸರ್ಟಿಫಿಕೇಟ್ ಬದಲಾಯಿಸಿದೆಯೇ ಅಂತ ಕೇಳಿಕೊಂಡು ಬಂದ ಮೇಲೇ ಮುಂದಿನದು.

ಬ್ರೌಸರಿನಲ್ಲಿ ಲಾಗಿನ್ ಪುಟ ಬರುವ ಕಾಲೇಜುಗಳಲ್ಲಿ

ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಈ ಅರ್ಜಿಯೇ ಬರುವುದಿಲ್ಲ. ವೈಫೈ ಸುಮ್ಮನೆ ಸೇರಿಕೊಳ್ಳುತ್ತದೆ. ಆಮೇಲೆ ಬ್ರೌಸರಿನಲ್ಲಿ ಒಂದು ಪುಟ ತೆರೆದು ಐಡಿ, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಗುರುತಿನ ಚೀಟಿ ನೋಡುವ ಕೆಲಸ ಪೂರ್ತಿ ನಿಮ್ಮ ಕಣ್ಣಿನದು. ವಿಳಾಸ ‘ಎಚ್‌ಟಿಟಿಪಿಎಸ್’ನಿಂದ ಶುರುವಾಗಿದೆಯೇ, ಅದರ ನಂತರದ ಮೊದಲ ಒಂಟಿ ಓರೆಗೆರೆಗೆ (/) ಮುಂಚಿನ ಭಾಗ ಕಾಲೇಜಿನ ಡೊಮೈನ್ ಹೆಸರಿನಲ್ಲೇ ಮುಗಿದಿದೆಯೇ ನೋಡಿ. ಲೋಗೋ ನೋಡಿ ನಂಬಬೇಡಿ. ಲೋಗೋ ಯಾರು ಬೇಕಾದರೂ ತೆಗೆದು ಅಂಟಿಸಬಹುದು. ಸರ್ಟಿಫಿಕೇಟ್ ಸರಿಯಿಲ್ಲ ಅಂತ ಬ್ರೌಸರ್ ಕೆಂಪಕ್ಷರದಲ್ಲಿ ಹೇಳಿದಾಗ ‘ಅಡ್ವಾನ್ಸ್ಡ್’, ‘ಪ್ರೊಸೀಡ್’ ಅಂತ ಒತ್ತುತ್ತ ಹೋಗುವ ಅಭ್ಯಾಸ ಕಾಲೇಜುಗಳಲ್ಲೇ ಬೆಳೆದದ್ದು. ತಮ್ಮ ಲಾಗಿನ್ ಪುಟಕ್ಕೆ ಸರಿಯಾದ ಸರ್ಟಿಫಿಕೇಟ್ ಹಾಕದೆ ಬಿಡುವ ಕಾಲೇಜುಗಳ ಬಗ್ಗೆ ನನಗೆ ಸಿಟ್ಟಿದೆ: ಎಚ್ಚರಿಕೆಯನ್ನು ದಾಟಿ ಹೋಗುವುದನ್ನು ಮಕ್ಕಳಿಗೆ ದಿನಾ ಕಲಿಸಿದ ಹಾಗಾಗುತ್ತದೆ, ಆ ಮಕ್ಕಳು ನಾಳೆ ಬ್ಯಾಂಕಿನ ಪುಟದಲ್ಲೂ ಅದನ್ನೇ ಮಾಡುತ್ತಾರೆ. ನಿಮ್ಮಲ್ಲೂ ಹೀಗಿದ್ದರೆ ನಾಲ್ಕು ಜನ ಸೇರಿ ಬರೆದು ಕೊಡಿ. ಅದು ಸರಿಯಾಗುವವರೆಗೆ ಈ ವೈಫೈ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ. ವಿಶ್ವವಿದ್ಯಾಲಯದ ಪ್ರವೇಶ, ಪರೀಕ್ಷೆಯ ಯುಯುಸಿಎಂಎಸ್ ಜಾಲತಾಣಕ್ಕೂ ಬೇಡ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಖಾತೆಗೂ ಬೇಡ.

ಲ್ಯಾಬಿನ ಕಂಪ್ಯೂಟರಿನಲ್ಲಿ

ಲಾಗಿನ್‌ಗೆ ಮೊದಲು ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಅಂತ ಕೆಲವು ಲ್ಯಾಬುಗಳಲ್ಲಿ ತೋರಿಸುತ್ತದೆ. ಸುಮ್ಮನೆ ತೊಂದರೆ ಅನ್ನಿಸುತ್ತದೆ, ಅಲ್ಲವೇ? ಈ ಮೂರು ಕೀಲಿಗಳ ಒತ್ತು ನೇರ ವಿಂಡೋಸ್‌ಗೇ ಹೋಗುತ್ತದೆ. ಮಾಮೂಲು ಪ್ರೋಗ್ರಾಮು ಯಾವುದೂ ಅದನ್ನು ನಡುವೆ ಹಿಡಿಯಲಾರದು. ಹಿಂದೆ ಕೂತವನು ನಕಲಿ ಲಾಗಿನ್ ಪರದೆ ಬಿಟ್ಟು ಹೋಗಿದ್ದರೆ ಈ ಒತ್ತಿಗೆ ಅದು ಬಯಲಾಗುತ್ತದೆ. ಇಲ್ಲೂ ಪ್ರಶ್ನೆ ಅದೇ: ಕೇಳುತ್ತಿರುವವರು ಯಾರು?

ಬ್ರೌಸರ್ ‘ಪಾಸ್‌ವರ್ಡ್ ಉಳಿಸಲೇ’ ಅಂದರೆ ಬೇಡ ಅನ್ನಿ. ಎದ್ದು ಹೋಗುವಾಗ ಪರದೆ ಆರಿಸಿದರೆ ಸಾಲದು, ಸೈನ್ ಔಟ್ ಆಗಿ. ‘ಐದೇ ನಿಮಿಷ, ನಿನ್ನ ಐಡಿ ಕೊಡು’ ಅನ್ನುವ ಗೆಳೆಯನಿಗೆ ಕೊಡಬೇಡಿ. ಅವನು ಕೆಟ್ಟವನು ಅಂತಲ್ಲ. ಅವನು ತೆರೆದ ಪುಟ, ಇಳಿಸಿಕೊಂಡ ಫೈಲು ಎಲ್ಲವೂ ಕಾಲೇಜಿನ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ ಕೂರುತ್ತವೆ.

ಕನೆಕ್ಟ್ ಆಗದಿದ್ದರೆ

‘ಡೋಂಟ್ ವ್ಯಾಲಿಡೇಟ್’ ಕಡೆಗೆ ಕೈ ಹೋಗುವ ಮೊದಲು ಇವನ್ನು ನೋಡಿ. ಫೋನಿನ ತಾರೀಖು, ಗಂಟೆ ಸರಿ ಇದೆಯೇ? ಬ್ಯಾಟರಿ ಪೂರ್ತಿ ಇಳಿದು ಹಳೆಯ ತಾರೀಖಿಗೆ ಹೋದ ಲ್ಯಾಪ್‌ಟಾಪಿಗೆ ಒಳ್ಳೆಯ ಸರ್ಟಿಫಿಕೇಟೂ ‘ಇನ್ನೂ ಜಾರಿಗೆ ಬಂದಿಲ್ಲ’ ಅಂತಲೇ ಕಾಣುತ್ತದೆ. ಐಡಿಯ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿದೆಯೇ? ಕೀಬೋರ್ಡು ಪದ ಸೂಚಿಸಿದಾಗ ಅದನ್ನು ಒತ್ತಿದರೆ ಕೊನೆಗೊಂದು ಸ್ಪೇಸ್ ತಾನಾಗಿ ಬರುತ್ತದೆ, ಮೊದಲ ಅಕ್ಷರ ದೊಡ್ಡದಾಗುತ್ತದೆ. ಕಣ್ಣಿಗೆ ಕಾಣದ ಈ ಸ್ಪೇಸಿನ ಹಿಂದೆ ನಾನೊಮ್ಮೆ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ.

ಪಾಸ್‌ವರ್ಡ್ ಬದಲಾಯಿಸಿದ ಮರುದಿನ ಖಾತೆ ಲಾಕ್ ಆಯಿತು ಅನ್ನುವವರು ಬಹಳ. ರೂಮಿನಲ್ಲಿ ಬಿಟ್ಟು ಬಂದ ಟ್ಯಾಬೋ ಹಳೆಯ ಫೋನೋ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಸರ್ವರಿಗೆ ಅದು ಯಾರೋ ಊಹಿಸಿ ಒಳನುಗ್ಗುತ್ತಿರುವ ಹಾಗೆ ಕಾಣುತ್ತದೆ. ಬದಲಾಯಿಸಿದ ದಿನವೇ ಎಲ್ಲ ಸಾಧನಗಳಲ್ಲೂ ಹೊಸದನ್ನು ಹಾಕಿ.

ಹೊರದೇಶಕ್ಕೆ ಹೊರಟವರು ಎಜುರೋಮನ್ನು ಇಲ್ಲೇ, ನಿಮ್ಮ ಕ್ಯಾಂಪಸ್ಸಿನಲ್ಲೇ ಹಾಕಿ, ಕೆಲಸ ಮಾಡುತ್ತದೆ ಅಂತ ಕಂಡುಕೊಂಡು ಹೊರಡಿ. ನೀವು ಜರ್ಮನಿಯಲ್ಲಿದ್ದರೂ ಪಾಸ್‌ವರ್ಡ್ ಪರೀಕ್ಷೆ ಆಗುವುದು ಇಲ್ಲಿನ ಸರ್ವರಿನಲ್ಲೇ. ಅಲ್ಲಿನವರು ಅದನ್ನು ನೋಡಲಾರರು, ಆದ್ದರಿಂದ ಅಲ್ಲಿ ತಪ್ಪಿದರೆ ಸರಿಪಡಿಸಲೂ ಆರರು. ಹೋದ ಕಡೆ ಲಾಗಿನ್‌ಗೆ ಬ್ರೌಸರ್ ಪುಟ ತೆರೆದು ಎಜುರೋಮ್ ಪಾಸ್‌ವರ್ಡ್ ಕೇಳಿದರೆ ಅದು ಎಜುರೋಮ್ ಅಲ್ಲ. ಎಜುರೋಮ್ ಎಂದೂ ಬ್ರೌಸರಿನಲ್ಲಿ ಕೇಳುವುದಿಲ್ಲ.

ಫೋನು ಕಳೆದುಹೋದರೆ ಸಿಮ್ ನಿಲ್ಲಿಸಿದ ಕೂಡಲೇ ಕಾಲೇಜಿನ ಪಾಸ್‌ವರ್ಡನ್ನೂ ಬದಲಾಯಿಸಿ. ಕೋರ್ಸ್ ಮುಗಿದು ನೋ ಡ್ಯೂಸ್ ಸರ್ಟಿಫಿಕೇಟ್ ಕೈಗೆ ಬಂದ ದಿನ, ಹಾಸ್ಟೆಲ್ ಗೇಟು ದಾಟುವ ಮೊದಲು, ಸೆಟ್ಟಿಂಗ್ಸ್‌ಗೆ ಹೋಗಿ ಆ ವೈಫೈ ಹೆಸರಿನ ಮೇಲೆ ಕೊನೆಯ ಸಲ ‘ಫರ್ಗೆಟ್’ ಒತ್ತಿ.